ಕಾಳಿಯ ಕಲ್ಲು ಮತ್ತು ಎರಡು ಖಂಡುಗ ಮಣ್ಣು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲೊಂದಿದೆ. ಅದರ ಮೇಲೆ ಒಂದು ನಾಯಿಯೂ ಒಂದು ಕಾಡುಹಂದಿಯೂ ಎದುರುಬದುರಾಗಿ ಕಾದಾಡುತ್ತಿವೆ. ಸುತ್ತ ಹಳಗನ್ನಡದ ಬರಹ. ಕಾಲ ಕ್ರಿ.ಶ. 949-50. ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಶಾಸನ ಹೊಸದಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಬಗ್ಗೆ ಬರೆಯುವವರೆಲ್ಲ ಇದನ್ನು ಉಲ್ಲೇಖಿಸುತ್ತಾರೆ. ಆ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗಂಗರ ಇಮ್ಮಡಿ ಬೂತುಗ ಕೊಂದದ್ದು, ಅದಕ್ಕೆ ಪ್ರತಿಯಾಗಿ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನು ಪಡೆದದ್ದು ಈ ಕಲ್ಲಿನಲ್ಲಿಯೇ ಇದೆ.

ಆದರೆ ಈ ಕಲ್ಲನ್ನು ನಿಲ್ಲಿಸಿದ್ದು ರಾಜರಿಗಾಗಿ ಅಲ್ಲ, ಒಂದು ನಾಯಿಗಾಗಿ. ಅದರ ಹೆಸರು ಕಾಳಿ.

ಕತೆ ಚಿಕ್ಕದು. ಬೂತುಗನ ಕಡೆಯ ವೀರ ಮಣಲೇರ ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೋ ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕೆಳಲೆನಾಡಿನ ಬೆಳ್ತೂರಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಯ ನೆನಪಿಗೆ ಕಲ್ಲು ನೆಟ್ಟರು.

ಸಾಮಾನ್ಯವಾಗಿ ನಾವು ಕತೆಯನ್ನು ಇಲ್ಲಿಗೇ ನಿಲ್ಲಿಸಿ, ನಾಯಿಯ ನಿಯತ್ತನ್ನು ಹೊಗಳಿ ಮುಗಿಸುತ್ತೇವೆ. ಆದರೆ ಶಾಸನ ಇಲ್ಲಿಗೆ ನಿಲ್ಲುವುದಿಲ್ಲ. ಕಲ್ಲು ನೆಟ್ಟವರು ಅದರ ಜೊತೆಗೆ ಎರಡು ಖಂಡುಗ ಮಣ್ಣು ಬಿಟ್ಟರು. ಗುಡಿಯ ಗೊರವ ದಿನವೂ ಆ ಕಲ್ಲಿಗೆ ಪೂಜೆ ಮಾಡಬೇಕು. ಪೂಜೆ ಮಾಡದೆ ಉಂಡರೆ ಆ ನಾಯಿಯ ಪಾಪ ಅವನನ್ನು ಸುತ್ತಿಕೊಳ್ಳುತ್ತದೆ. ಆ ಮಣ್ಣನ್ನು ಅಳಿದವರಿಗೂ ಅದೇ ಪಾಪ. ಕೆರೆಗೆ, ಗುಡಿಗೆ, ಸತ್ತ ವೀರನ ಮನೆಯವರಿಗೆ ಮಣ್ಣು ಬಿಡುವಂತೆಯೇ ನಾಯಿಯ ನೆನಪಿಗೂ ಬಿಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವವನು ಯಾರು, ಅವನ ಅನ್ನ ಎಲ್ಲಿಂದ, ತಪ್ಪಿದರೆ ಏನು ಎಂಬುದನ್ನೆಲ್ಲ ಗೊತ್ತುಮಾಡಿದ್ದಾರೆ.

ಆ ಕಾಲದ ಕನ್ನಡದಲ್ಲಿ ಇದಕ್ಕೊಂದು ಹಿನ್ನೆಲೆಯಿದೆ. ಒಡೆಯನ ಜೋಳ ಉಂಡವನು ಸಮಯ ಬಂದಾಗ ಪ್ರಾಣ ಕೊಟ್ಟು ಆ ಋಣ ತೀರಿಸಬೇಕೆಂಬ ನಡೆಗೆ ಜೋಳವಾಳಿ ಎಂದು ಹೆಸರು. ಕಾಳಿ ಸಾಯುವುದಕ್ಕೆ ಹತ್ತು ವರ್ಷವೂ ತುಂಬದ ಹಿಂದೆ, ಕ್ರಿ.ಶ. 941ರ ಸುಮಾರಿಗೆ, ಪಂಪ ತನ್ನ ಭಾರತವನ್ನು ಮುಗಿಸಿದ್ದ. ಅಲ್ಲಿಯ ಕರ್ಣ ದುರ್ಯೋಧನನನ್ನು ಬಿಟ್ಟುಕೊಡದೆ ನಿಲ್ಲುವುದರಲ್ಲಿ ಈ ಅನ್ನದ ಋಣದ ಭಾರವೇ ಇದೆ. ಕಾಳಿಯ ಸಾವನ್ನು ಕಲ್ಲಿಗೆ ಏರಿಸಿದವರ ಮನಸ್ಸಿನಲ್ಲಿದ್ದದ್ದೂ ಇಂಥದೇ ಇರಬೇಕು: ನಾಯಿ ಉಂಡ ಅನ್ನಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿತು. ಆದರೆ ಎರಡು ಖಂಡುಗ ಮಣ್ಣು ಇನ್ನೊಂದು ಮಾತನ್ನೂ ಹೇಳುತ್ತದೆ. ಉಣ್ಣಿಸಿದವನಿಗೂ ಋಣ ಉಂಟು. ನಾಯಿ ಸತ್ತ ಮೇಲೂ ಅದು ತೀರುವುದಿಲ್ಲ.

ಕಾಳಿ ಅರಮನೆಯ ಸುತ್ತಿನ ನಾಯಿ. ಅಂಥ ನಾಯಿಗಳಿಗೆ ಬರಹದಲ್ಲಿಯೂ ಜಾಗ ಸಿಕ್ಕಿತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ನಾಯಿಯ ವಿನೋದಕ್ಕೂ ಒಂದು ಭಾಗವಿದೆ. ಆದರೆ ಊರಿನ ನಾಯಿಗೆ ಕಲ್ಲೂ ಇಲ್ಲ, ಗ್ರಂಥವೂ ಇಲ್ಲ. ಅದರ ಚರಿತ್ರೆಯನ್ನು ಹುಡುಕಬೇಕಾದರೆ ಅದು ಮಾಡುತ್ತಿದ್ದ ಕೆಲಸವನ್ನೇ ನೋಡಬೇಕು.

ಆತಕೂರಿನಿಂದ ಪಶ್ಚಿಮಕ್ಕೆ, ಮೈಸೂರು ದಾಟಿ, ಲಕ್ಷ್ಮಣತೀರ್ಥ ಹೊಳೆಯ ದಂಡೆಗೆ ಬನ್ನಿ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಸಿಗುತ್ತದೆ. ಹೊಳೆಗೆ ಕಟ್ಟಿದ ಅಣೆಕಟ್ಟೆ, ನಾಲೆ, ಗದ್ದೆ ಒಂದು ಕಡೆ. ರಾಗಿ, ಜೋಳ, ಹೊಗೆಸೊಪ್ಪಿನ ಹೊಲಗಳು ಇನ್ನೊಂದು ಕಡೆ. ಹೊಗೆಸೊಪ್ಪಿನ ಹರಾಜು ಕಟ್ಟೆಯಿಂದಾಗಿ ಸುತ್ತಲ ತಾಲ್ಲೂಕುಗಳಿಗೆಲ್ಲ ಈ ಊರಿನ ಹೆಸರು ಗೊತ್ತು. ಈ ಸೀಮೆಯಲ್ಲಿ ನಾಯಿ ಸಾಕುವುದಕ್ಕೆ ಯಾರೂ ಕಾರಣ ಹೇಳುತ್ತಿರಲಿಲ್ಲ. ಕಣದಲ್ಲಿ ರಾಶಿ ಇದ್ದರೆ ನಾಯಿ ಬೇಕು. ಕುರಿ ರೊಪ್ಪಕ್ಕೆ ನಾಯಿ ಬೇಕು. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಒಲೆ ಆರದಂತೆ ರಾತ್ರಿಯೆಲ್ಲ ಕಾಯುವವನ ಕಾಲಬುಡದಲ್ಲಿ ಒಂದು ನಾಯಿ ಮಲಗಿರಬೇಕು. ಕಾಡಂಚಿನ ಹಾಡಿಗಳಲ್ಲಿ ಆನೆ ಬಂದ ಸುದ್ದಿ ಮೊದಲು ಹೇಳುವುದು ನಾಯಿಯೇ. ಚಿರತೆ ಊರಿಗೆ ಬಂದರೆ ಮೊದಲು ಹೋಗುವುದೂ ನಾಯಿಯೇ.

ಇದಕ್ಕೆ ಸಿಗುತ್ತಿದ್ದ ಕೂಲಿ ತಂಗಳು ಮುದ್ದೆ, ನೀರು ಮಜ್ಜಿಗೆ, ಹಬ್ಬದ ಮೂಳೆ. ಮರಿ ಆರಿಸುವಾಗ ಕಾಲಿನ ಉಗುರು ಎಣಿಸುವವರಿದ್ದರು. ತರಬೇತಿ ಎಂದು ಬೇರೆ ಇರಲಿಲ್ಲ. ಛೂ ಎಂದರೆ ನುಗ್ಗಬೇಕು, ಹಚಾ ಎಂದರೆ ತೊಲಗಬೇಕು. ಮಿಕ್ಕದ್ದನ್ನು ಮರಿ ದೊಡ್ಡ ನಾಯಿಯ ಹಿಂದೆ ಓಡಾಡಿ ಕಲಿಯುತ್ತಿತ್ತು. ಕರಿಯ, ಕೆಂಚ, ರಾಜ ಎಂದು ಹೆಸರೊಂದು ಇರುತ್ತಿತ್ತು. ಹೆಸರಿತ್ತು ಎಂದರೆ ಇಂಥವರ ಮನೆಯ ನಾಯಿ ಎಂದು ಊರಿಗೆ ಗೊತ್ತಿತ್ತು. ಅದು ಯಾರಿಗಾದರೂ ಕಚ್ಚಿದರೆ ಹೋಗಿ ಕೇಳುವುದಕ್ಕೆ ಒಂದು ಬಾಗಿಲಿತ್ತು.

ಹಳೆಯದನ್ನೆಲ್ಲ ಬಂಗಾರ ಮಾಡಬೇಕಾಗಿಲ್ಲ. ಉಂಡು ಮಿಕ್ಕಿದ್ದರೆ ಮಾತ್ರ ನಾಯಿಗೆ ಅನ್ನ. ಹೆಣ್ಣು ಮರಿಗಳನ್ನು ಚೀಲದಲ್ಲಿ ಹಾಕಿ ಸಂತೆಮಾಳದ ಹತ್ತಿರ ಬಿಟ್ಟು ಬರುವ ರೂಢಿ ಹಳೆಯದು. ಬೀದಿನಾಯಿಗಳ ಚರಿತ್ರೆಯಲ್ಲಿ ಆ ಚೀಲಕ್ಕೂ ಪಾಲಿದೆ. ಹುಚ್ಚುನಾಯಿಯ ಭಯ ಎಲ್ಲ ಕಾಲದಲ್ಲೂ ಇತ್ತು. 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಹೊಟ್ಟೆಯ ಸುತ್ತ 14 ಚುಚ್ಚುಮದ್ದು ಹಾಕಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ಹೆಸರಿಲ್ಲದವರ ನಾಯಿಗೆ ಕನ್ನಡದಲ್ಲಿ ಶಾಸನದಂಥದ್ದು ಸಿಕ್ಕಿದ್ದು ಬಹಳ ತಡವಾಗಿ, ಕಾದಂಬರಿಯಲ್ಲಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಪ್ರಕಟವಾಯಿತು. ಅದರಲ್ಲಿ ಜೀತದಾಳು ಗುತ್ತಿಯ ಜೊತೆಗೆ ಸದಾ ಇರುವ ನಾಯಿ ಹುಲಿಯ. ಊರಿನವರು ಅವನನ್ನು ಕರೆಯುವುದೇ ನಾಯಿಗುತ್ತಿ ಎಂದು. ಆತಕೂರಿನಲ್ಲಿ ನಾಯಿಗೆ ಗೌರವ ಬಂದದ್ದು ಒಡೆಯರ ಕಡೆಯಿಂದ. ಇಲ್ಲಿ ಒಡೆಯನಿಗೇ ನಾಯಿಯಿಂದ ಹೆಸರು ಬಂದಿದೆ. ಆ ಹೆಸರಿನಲ್ಲಿ ಸಲುಗೆಯಷ್ಟೇ ಇಲ್ಲ, ಕೀಳು ಮಾಡುವ ದನಿಯೂ ಇದೆ. ಜೀತದವನನ್ನೂ ನಾಯಿಯನ್ನೂ ಒಂದೇ ಸಾಲಿನಲ್ಲಿ ಇಡುವ ಸಮಾಜ ಅದು. ಗುತ್ತಿಗೆ ಮಾತ್ರ ಹುಲಿಯ ಆಸ್ತಿಯೂ ಅಲ್ಲ, ಆಳೂ ಅಲ್ಲ.

ನಾಯಿಯ ಕೆಲಸ ಹೋದದ್ದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ. ಪಕ್ಕದ ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಯಿ ಬಿಟ್ಟು ಹಂದಿ ಹಿಡಿಸುವುದು ಅಪರಾಧ. ಯಾವ ಕೆಲಸಕ್ಕೆ ಕಾಳಿಗೆ ಕಲ್ಲು ನೆಟ್ಟರೋ ಅದೇ ಕೆಲಸಕ್ಕೆ ಇಂದು ಕೇಸು ಬೀಳುತ್ತದೆ. ಕಾಡು ಉಳಿಯಬೇಕಾದರೆ ಅದು ಬೇಕಾಗಿದ್ದ ಕಾನೂನೇ. ಊರಿನ ನಾಯಿಗಳಿಂದ ಕಾಡಿನ ಸೀಳುನಾಯಿಗಳಿಗೆ ರೋಗ ಹರಡುವ ಅಪಾಯವೂ ಇದೆ. ಇತ್ತ ಕಣಗಳು ರಸ್ತೆಗೆ ಬಂದವು, ರೊಪ್ಪಗಳು ಕಡಿಮೆಯಾದವು, ಮನೆಗಳಿಗೆ ಗೇಟು ಬಂತು. ಕೆಲಸ ಹೋಯಿತು, ನಾಯಿ ಉಳಿಯಿತು. ಕರಿಯ ಕೆಂಚರು ಬೀದಿನಾಯಿ ಎಂಬ ಒಂದೇ ಹೆಸರಿನೊಳಗೆ ಸೇರಿಹೋದರು.

ಅದೇ ಹೊತ್ತಿಗೆ ಇನ್ನೊಂದು ನಾಯಿಗೆ ಮಾನ ಬಂತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಸಂಸ್ಥಾನಿಕರು ಬೆಳೆಸಿದ ಬೇಟೆನಾಯಿ, ತೆಳುಮೈಯ ಉದ್ದ ಕಾಲಿನ ಮುಧೋಳ ತಳಿ. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯಲ್ಲಿ ಬಂತು. ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವಾಯಿತು. 2016ರಲ್ಲಿ ಸೇನೆಯ ತರಬೇತಿಗೆ ಮರಿಗಳು ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು 'ಮನ್ ಕೀ ಬಾತ್'ನಲ್ಲಿ ದೇಸಿ ತಳಿಗಳ ಜೊತೆ ಅದರ ಹೆಸರು ಹೇಳಿದರು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಹೊಲದಲ್ಲಿ ಮೊಲ ಅಟ್ಟುವುದಕ್ಕೆ ಹುಟ್ಟಿದ ನಾಯಿಯನ್ನು ಹೆಸರಿಗೆ ಮರುಳಾಗಿ ಎರಡು ಕೋಣೆಯ ಮನೆಗೆ ತಂದು ಕಟ್ಟಿಹಾಕುವವರೂ ಇದ್ದಾರೆ. ಕಾಳಿಯ ಕಲ್ಲಿನ ಅರ್ಧವನ್ನು ನಾವು ಉಳಿಸಿಕೊಂಡಿದ್ದೇವೆ: ಶೌರ್ಯ, ತಳಿ, ಹೊಗಳಿಕೆ. ಎರಡು ಖಂಡುಗದ ಭಾಗವನ್ನು ಕೈಬಿಟ್ಟಿದ್ದೇವೆ.

ಆ ಭಾಗ ಈಗ ನ್ಯಾಯಾಲಯದಲ್ಲಿದೆ. ಬೀದಿನಾಯಿಗಳನ್ನು ಕೊಲ್ಲದೆ, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂಬ ನಿಯಮ 2001ರಲ್ಲಿ ಬಂತು. 2023ರ ಹೊಸ ನಿಯಮಗಳು ಅವುಗಳನ್ನು ಸಮುದಾಯದ ಪ್ರಾಣಿಗಳು ಎಂದು ಕರೆದವು. ಕರ್ನಾಟಕ 2022ರಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣದಲ್ಲಿಡಲು ಹೇಳಿತು. ಆಗಸ್ಟ್ 22ರಂದು ಅದನ್ನು ಸಡಿಲಿಸಿ, ಚಿಕಿತ್ಸೆ ಮಾಡಿ ಬಿಡಿ, ಅನ್ನ ಹಾಕಲು ಜಾಗ ಗೊತ್ತುಮಾಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಲು ಆದೇಶಿಸಿತು. ಒಂದು ಕಡೆ ಕಚ್ಚಿಸಿಕೊಂಡ ಮಗುವಿನ ತಾಯಿ, ಇನ್ನೊಂದು ಕಡೆ ದಿನಾ ಸಂಜೆ ಬಿಸ್ಕತ್ತು ಹಿಡಿದು ಬರುವವರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ.

ಸಮುದಾಯದ್ದು ಎಂದರೆ ಎಲ್ಲರದ್ದು. ಎಲ್ಲರದ್ದು ಎಂದರೆ ಎಷ್ಟೋ ಸಲ ಯಾರದ್ದೂ ಅಲ್ಲ. ಹತ್ತನೆಯ ಶತಮಾನದವರಿಗೆ ಈ ಅಪಾಯ ತಿಳಿದಿತ್ತು. ಅದಕ್ಕೇ ಅವರು ಕಾಳಿಯನ್ನು ಆತಕೂರಿನ ಎಲ್ಲರೂ ನೆನೆಯಲಿ ಎಂದು ಬರೆಸಿ ಕೈತೊಳೆದುಕೊಳ್ಳಲಿಲ್ಲ. ಒಬ್ಬ ಗೊರವನನ್ನು ಗೊತ್ತುಮಾಡಿದರು, ಮಣ್ಣು ಕೊಟ್ಟರು, ತಪ್ಪಿದರೆ ಪಾಪ ಎಂದರು. ಇಂದು ಒಂದು ಪಂಚಾಯಿತಿಯ ವ್ಯಾಪ್ತಿಯಲ್ಲಿ ನಾಯಿಗಳಿಗೆ ಲಸಿಕೆ ಹಾಕಿಸುವವರು ಯಾರು, ಅದಕ್ಕೆ ಹಣ ಯಾವ ಲೆಕ್ಕದಿಂದ, ಮಾಡದಿದ್ದರೆ ಕೇಳುವವರು ಯಾರು ಎಂದು ವಿಚಾರಿಸಿದರೆ ಅಷ್ಟು ಸ್ಪಷ್ಟವಾದ ಉತ್ತರ ಸುಲಭಕ್ಕೆ ಸಿಗುವುದಿಲ್ಲ. ನಾಯಿಯ ಬಾಲ ಡೊಂಕು ಎಂದು ಗಾದೆ ಕಟ್ಟಿದವರು ನಾವು. ಈ ಲೆಕ್ಕದಲ್ಲಿ ಡೊಂಕಾಗಿರುವುದು ನಾಯಿಯ ಬಾಲವಲ್ಲ.