ಕೇಪ್‌ಟೌನ್‌ನಲ್ಲಿ ಮೆಥಾಂಫೆಟಮೈನ್ ವ್ಯಸನ ಮತ್ತು ಪುನರ್ವಸತಿ

ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ, ಅದರಲ್ಲೂ ಕೇಪ್ ಫ್ಲ್ಯಾಟ್ಸ್ ಎಂಬ ಬಡ ಬಡಾವಣೆಗಳ ಸಾಲಿನಲ್ಲಿ, 2000ದ ದಶಕದ ಆರಂಭದಿಂದ ಬೇರುಬಿಟ್ಟ ಮಾದಕವ್ಯಸನ. ಹರಳಿನ ರೂಪದ ಮೆಥಾಂಫೆಟಮೈನನ್ನು ಅಲ್ಲಿನವರು 'ಟಿಕ್' ಎನ್ನುತ್ತಾರೆ. ಇದು ಹಬ್ಬಿದ ವೇಗ ಅಸಾಧಾರಣ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 1996ರಿಂದಲೂ ವ್ಯಸನ ಚಿಕಿತ್ಸಾ ಕೇಂದ್ರಗಳಿಂದ ಅಂಕಿಅಂಶ ಕಲೆಹಾಕುತ್ತ ಬಂದಿದೆ. 2002ರ ಮೊದಲರ್ಧದಲ್ಲಿ ಕೇಪ್‌ಟೌನ್‌ನ ಈ ಕೇಂದ್ರಗಳಿಗೆ ಬಂದವರಲ್ಲಿ ಮೆಥಾಂಫೆಟಮೈನೇ ಮುಖ್ಯ ಚಟವಾಗಿದ್ದವರು ಶೇ. 1ಕ್ಕೂ ಕಡಿಮೆ, 2006ರ ಕೊನೆಯ ಹೊತ್ತಿಗೆ ಅವರು ಶೇ. 40ನ್ನು ದಾಟಿದ್ದರು. ಅವರಲ್ಲಿ ಶಾಲೆಗೆ ಹೋಗುವ ವಯಸ್ಸಿನವರೂ ಬಹಳ ಮಂದಿ ಇದ್ದರು.

ವಸ್ತು ಹೊಸದಲ್ಲ. ಜಪಾನಿನ ನಾಗಾಯಿ ನಾಗಯೋಷಿ 1893ರಲ್ಲಿ ಎಫೆಡ್ರಿನ್‌ನಿಂದ ಇದನ್ನು ತಯಾರಿಸಿದ್ದರು. 1919ರಲ್ಲಿ ಅಕಿರಾ ಓಗಾತಾ ಹರಳಿನ ರೂಪಕ್ಕೆ ತಂದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ನಿದ್ದೆ ಓಡಿಸಲು ಇದರ ಮಾತ್ರೆಗಳನ್ನು ಹಂಚಲಾಗಿತ್ತು. ಮೆದುಳಿನಲ್ಲಿ ಡೋಪಮೈನನ್ನು ಒಮ್ಮೆಲೇ ಹೊರಚೆಲ್ಲಿಸಿ, ಅದು ಹಿಂದಕ್ಕೆ ಹೀರಲ್ಪಡದಂತೆಯೂ ತಡೆಯುವುದು ಇದರ ಕೆಲಸ. ಕೊಕೇನಿನ ಅಮಲು ಬೇಗ ಇಳಿದರೆ ಇದರದು ಹಲವು ಗಂಟೆ ಉಳಿಯುತ್ತದೆ. ಹಸಿವು, ನಿದ್ದೆ ಎರಡೂ ಮಾಯವಾಗುತ್ತವೆ. ಸತತವಾಗಿ ಸೇದುವವರಲ್ಲಿ ಯಾರೋ ಬೆನ್ನಟ್ಟುತ್ತಿದ್ದಾರೆಂಬ ಭಯ, ಇಲ್ಲದ ದನಿ ಕೇಳಿಸುವುದು, ಕಾರಣವಿಲ್ಲದ ಸಿಟ್ಟು ಕಾಣಿಸಿಕೊಳ್ಳುತ್ತವೆ. ನಗರದ ವಾಲ್ಕೆನ್‌ಬರ್ಗ್ ಮತ್ತು ಲೆಂಟೆಗೂರ್ ಮನೋರೋಗ ಆಸ್ಪತ್ರೆಗಳ ಮೇಲೆ ಬಿದ್ದಿರುವ ಹೊರೆಯಲ್ಲಿ ಈ ಬಗೆಯ ಚಿತ್ತಭ್ರಮೆಯ ಪಾಲು ದೊಡ್ಡದು.

ಟಿಕ್ ಏಕೆ ಕೇಪ್ ಫ್ಲ್ಯಾಟ್ಸ್‌ನಲ್ಲೇ ನೆಲೆಯೂರಿತು ಎಂಬುದಕ್ಕೆ ಉತ್ತರ ಹುಡುಕಲು ವರ್ಣಭೇದ ಆಡಳಿತದ ಕಾಲಕ್ಕೆ ಹೋಗಬೇಕು. 1950ರ ಗುಂಪು ಪ್ರದೇಶ ಕಾಯ್ದೆ ಯಾವ ಜನಾಂಗದವರು ಎಲ್ಲಿ ಬಾಳಬೇಕೆಂದು ಗೆರೆ ಎಳೆಯಿತು. ನಗರದ ಒಡಲಲ್ಲೇ ಇದ್ದ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮೀಸಲೆಂದು ಸಾರಿ, 60,000ಕ್ಕೂ ಹೆಚ್ಚು ಜನರನ್ನು ಮುಂದಿನ ವರ್ಷಗಳಲ್ಲಿ ಒಕ್ಕಲೆಬ್ಬಿಸಲಾಯಿತು. ಅವರನ್ನು ಸಾಗಿಸಿದ್ದು ಮರಳು ನೆಲದ ಮೇಲೆ ಎದ್ದ ಹ್ಯಾನೋವರ್ ಪಾರ್ಕ್, ಮ್ಯಾನೆನ್‌ಬರ್ಗ್, ಲ್ಯಾವೆಂಡರ್ ಹಿಲ್, ಮಿಚೆಲ್ಸ್ ಪ್ಲೇನ್‌ಗಳಿಗೆ. ಅಜ್ಜಿ, ಅತ್ತೆ, ನೆರೆಯವರು ಒಂದೇ ಬೀದಿಯಲ್ಲಿ ಮಕ್ಕಳನ್ನು ಕಣ್ಣಿಟ್ಟು ಬೆಳೆಸುತ್ತಿದ್ದ ವ್ಯವಸ್ಥೆ ಚೂರಾಯಿತು. ಕೆಲಸ ದೂರವಾಯಿತು, ಬೀದಿ ಗ್ಯಾಂಗುಗಳ ಕೈಗೆ ಹೋಯಿತು. ವ್ಯಸನಿಯ ದೌರ್ಬಲ್ಯವನ್ನಷ್ಟೇ ದೂರುವವರು ಈ ಇತಿಹಾಸವನ್ನು ಮರೆತು ಮಾತನಾಡುತ್ತಾರೆ.

ಗ್ಯಾಂಗುಗಳಿಗೆ ಮಾದಕದ ವ್ಯಾಪಾರ ಮೊದಲೇ ಕರಗತವಾಗಿತ್ತು. ಟಿಕ್‌ಗೆ ಮುಂಚೆ ಅಲ್ಲಿ ಮೆರೆದದ್ದು ಮ್ಯಾಂಡ್ರಾಕ್ಸ್ ಮಾತ್ರೆ. ಅದನ್ನು ಪುಡಿಮಾಡಿ ಗಾಂಜಾದೊಂದಿಗೆ ಸೇದುತ್ತಿದ್ದರು. ಅದರಲ್ಲಿನ ಮೆಥಕ್ವಲೋನ್ 1951ರಲ್ಲಿ ಭಾರತದಲ್ಲೇ, ಮಲೇರಿಯಾಕ್ಕೆ ಮದ್ದು ಹುಡುಕುವ ಪ್ರಯತ್ನದಲ್ಲಿ ಹುಟ್ಟಿದ ರಾಸಾಯನಿಕ. ಮುಂದೆ ಭಾರತದಿಂದ ಕಳ್ಳಸಾಗಣೆಯಾದ ಮಾತ್ರೆಗಳೇ ಕೇಪ್‌ನ ಬೀದಿಗಳನ್ನು ತಲುಪಿದವು. ಟಿಕ್‌ನ ದಾರಿ ಸಮುದ್ರದ್ದು. ಕೇಪ್ ಕರಾವಳಿಯ ಬಂಡೆಗಳಿಗೆ ಅಂಟಿ ಬೆಳೆಯುವ ಅಬಲೋನ್ ಎಂಬ ಕಡಲ ಬಸವನಹುಳುವಿಗೆ ಪೂರ್ವ ಏಷ್ಯಾದಲ್ಲಿ ಭಾರಿ ಬೆಲೆ. ಕದ್ದು ಹಿಡಿದ ಅಬಲೋನ್ ಪಡೆದು, ಹಣಕ್ಕೆ ಬದಲಾಗಿ ಮೆಥಾಂಫೆಟಮೈನ್ ತಯಾರಿಸುವ ಕಚ್ಚಾವಸ್ತುವನ್ನು ಚೀನಾ ಮೂಲದ ಅಪರಾಧ ಕೂಟಗಳು ಕೊಡತೊಡಗಿದವು. ಕರಾವಳಿಯ ಜೀವರಾಶಿಯೂ ಬಡಾವಣೆಯ ಹುಡುಗರೂ ಒಂದೇ ವಹಿವಾಟಿನಲ್ಲಿ ಬಲಿಯಾದದ್ದು ಹೀಗೆ.

ಸೇದುವ ಸಾಧನ ಸಿಗುವುದು ಮನೆಯಲ್ಲೇ: ಒಳಗನ್ನು ಬರಿದು ಮಾಡಿದ ವಿದ್ಯುತ್ ಬಲ್ಬು ಅಥವಾ ಸಣ್ಣ ಗಾಜಿನ ಕೊಳವೆ. ಬಲ್ಬುಗಳು ಕಾಣೆಯಾಗುವುದರಿಂದಲೇ ಎಷ್ಟೋ ತಾಯಂದಿರಿಗೆ ಮೊದಲ ಸುಳಿವು ಸಿಗುತ್ತದೆ. ಆಮೇಲೆ ನಲ್ಲಿ, ಬಟ್ಟೆ, ಪಾತ್ರೆ ಒಂದೊಂದಾಗಿ ಮಾರಾಟವಾಗುತ್ತವೆ. ಲ್ಯಾವೆಂಡರ್ ಹಿಲ್‌ನಲ್ಲಿ 2007ರ ಸೆಪ್ಟೆಂಬರಿನಲ್ಲಿ ತಾಯಿಯೊಬ್ಬಳು ಟಿಕ್ ವ್ಯಸನಿಯಾಗಿದ್ದ ಮಗನನ್ನು ಕೊರಳಿಗೆ ಹಗ್ಗ ಬಿಗಿದು ಕೊಂದಳು. ಅದಕ್ಕೂ ಮುಂಚೆ ಆಕೆ ವರ್ಷಗಟ್ಟಲೆ ಪೊಲೀಸ್ ಠಾಣೆ, ನ್ಯಾಯಾಲಯ, ಸಮಾಜ ಕಲ್ಯಾಣದ ಕಚೇರಿಗಳಿಗೆ ಅಲೆದಿದ್ದಳು. ನ್ಯಾಯಾಲಯ 2008ರಲ್ಲಿ ಆಕೆಗೆ ಮೂರು ವರ್ಷದ ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು. ಜೊತೆಗೆ 280 ಗಂಟೆಗಳ ಸಮುದಾಯ ಸೇವೆ. ಮುಂದೆ ಚಲನಚಿತ್ರವೂ ಆದ ಈ ಪ್ರಕರಣ, ಚಿಕಿತ್ಸೆಯ ಬಾಗಿಲು ಸಿಗದ ಮನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ದೇಶದ ಮುಂದಿಟ್ಟಿತು.

ಚಿಕಿತ್ಸೆಯ ಕಷ್ಟ ರೋಗದ ಸ್ವರೂಪದಲ್ಲೇ ಇದೆ. ಹೆರಾಯಿನ್ ವ್ಯಸನಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್‌ಗಳಿವೆ. ಮೆಥಾಂಫೆಟಮೈನ್ ಚಟ ಬಿಡಿಸಲೆಂದೇ ಮಾನ್ಯತೆ ಪಡೆದ ಔಷಧ ಒಂದೂ ಇಲ್ಲ. ಬಿಟ್ಟ ಮೊದಲ ದಿನಗಳಲ್ಲಿ ಆವರಿಸುವುದು ಅತಿಯಾದ ನಿದ್ದೆ, ಹಸಿವು, ಖಿನ್ನತೆ. ಅದು ಕಳೆದ ಮೇಲೂ ಸೆಳೆತ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದವರ ಮೆದುಳಿನಲ್ಲಿ ಡೋಪಮೈನ್ ಸಾಗಿಸುವ ಪ್ರೋಟೀನುಗಳು ಸಾಕಷ್ಟು ಚೇತರಿಸಿಕೊಂಡದ್ದು 2001ರ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಹಾಗಾಗಿ ನಾಲ್ಕು ವಾರ ಕೂಡಿಹಾಕಿ ಹಳೆಯ ಬೀದಿಗೇ ಮರಳಿ ಬಿಡುವುದನ್ನು ಪುನರ್ವಸತಿ ಎನ್ನಲಾಗದು.

ಕೇಪ್‌ಟೌನ್ ನಗರಾಡಳಿತ ಆರಿಸಿಕೊಂಡ ದಾರಿ ಮ್ಯಾಟ್ರಿಕ್ಸ್ ಪದ್ಧತಿ. 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಉತ್ತೇಜಕ ವ್ಯಸನಿಗಳಿಗಾಗಿ ರೂಪುಗೊಂಡ ಈ ಕ್ರಮದಲ್ಲಿ ರೋಗಿ ಮನೆಯಲ್ಲೇ ಇದ್ದು, ಸುಮಾರು 16 ವಾರ, ವಾರಕ್ಕೆ ಹಲವು ಸಲ ಕೇಂದ್ರಕ್ಕೆ ಬರುತ್ತಾನೆ. ಗುಂಪು ಮಾತುಕತೆ, ಒಬ್ಬೊಬ್ಬರೊಂದಿಗೆ ಸಮಾಲೋಚನೆ, ಮತ್ತೆ ಜಾರುವ ಸಂದರ್ಭಗಳನ್ನು ಮೊದಲೇ ಗುರುತಿಸುವ ಅಭ್ಯಾಸ, ಮನೆಯವರಿಗೆ ತಿಳಿವಳಿಕೆ, ಮೂತ್ರ ಪರೀಕ್ಷೆ ಇದರ ಅಂಗಗಳು. ಟಾಫೆಲ್‌ಸಿಗ್, ಡೆಲ್ಫ್ಟ್ ಸೌತ್ ಮೊದಲಾದೆಡೆ ನಗರಾಡಳಿತ ತನ್ನ ಆರೋಗ್ಯ ಕೇಂದ್ರಗಳಲ್ಲೇ ಇದನ್ನು ಉಚಿತವಾಗಿ ನಡೆಸಿದೆ. ಕ್ಷಯಕ್ಕೂ ಮಕ್ಕಳ ಲಸಿಕೆಗೂ ಜನ ಬರುವ ಕಟ್ಟಡವೇ ಆದ್ದರಿಂದ ಒಳಹೊಕ್ಕವರನ್ನು ಬೆರಳು ತೋರಿಸಿ ಗುರುತಿಸುವುದು ಕಷ್ಟ. ಇದು ಚಿಕ್ಕ ಅನುಕೂಲವಲ್ಲ. ಒಳರೋಗಿಗಳಾಗಿ ಉಳಿಯಲೇಬೇಕಾದವರಿಗೆ ಪ್ರಾಂತೀಯ ಸರ್ಕಾರದ ಡಿ ನೋವೊ ಕೇಂದ್ರವಿದೆ.

ವ್ಯಸನ ತಡೆ ಮತ್ತು ಚಿಕಿತ್ಸೆಯ ಕುರಿತ ದೇಶದ 2008ರ 70ನೆಯ ಕಾಯ್ದೆ, 2013ರಲ್ಲಿ ಜಾರಿಗೆ ಬಂದಾಗ, ಸಮುದಾಯದೊಳಗಿನ ಚಿಕಿತ್ಸೆ ಮತ್ತು ಅನಂತರದ ಆರೈಕೆಯನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಆದರೆ ಕೇಪ್‌ಟೌನ್‌ನಲ್ಲಿ ಬ್ರಾನ್ವಿನ್ ಮೈಯರ್ಸ್ ಮತ್ತು ಸಂಗಡಿಗರು ನಡೆಸಿದ ಸಂಶೋಧನೆಗಳು ತೋರಿಸಿದಂತೆ, ಬಡವರನ್ನು ಕೇಂದ್ರದಿಂದ ದೂರವಿಡುವುದು ಮನಸ್ಸಿಲ್ಲದಿರುವುದಕ್ಕಿಂತ ಹೆಚ್ಚಾಗಿ ದೂರ, ಬಸ್ ಖರ್ಚು, ಮಾಹಿತಿಯ ಕೊರತೆ. ದಿನಗೂಲಿ ಬಿಟ್ಟು ವಾರಕ್ಕೆ ಮೂರು ಸಲ ಬರುವುದೆಂದರೆ ಆ ದಿನಗಳ ಊಟ ಬಿಡುವುದು. ಹೆಂಗಸರ ಪಾಡು ಇನ್ನೂ ಬಿಗಿ: ಕೂಸನ್ನು ಯಾರ ಬಳಿ ಬಿಡುವುದೆಂಬ ಚಿಂತೆ, ತಿಳಿದರೆ ಮಗುವನ್ನೇ ಕಿತ್ತುಕೊಂಡಾರೆಂಬ ಅಂಜಿಕೆ. ಗರ್ಭಿಣಿಯಾಗಿದ್ದಾಗ ಟಿಕ್ ಬಿಡಲಾಗದವಳು ಅದೇ ಅಂಜಿಕೆಯಿಂದ ಹೆರಿಗೆ ತಪಾಸಣೆಗೂ ಬರುವುದಿಲ್ಲ. ನಡೆದು ಹೋಗುವಷ್ಟು ಹತ್ತಿರದಲ್ಲಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಕೂರಲು ಆಗುವಂಥ, ಮೊದಲ ಸಲ ಜಾರಿದವಳನ್ನು ಎರಡನೆಯ ಸಲವೂ ಒಳಗೆ ಕರೆಯುವಂಥ ಕೇಂದ್ರಗಳು ಆ ಬಡಾವಣೆಗಳಿಗೆ ಬೇಕಾಗಿವೆ.