ಲೇಕ್ ಮಾರ್ಕೆಟಿನ ಬೆನ್ನಿಗಿರುವ ಮೈಸೂರು

ಕೋಲ್ಕತ್ತಕ್ಕೆ ವರ್ಗಾವಣೆಯಾಗುವ ದಕ್ಷಿಣದ ನೌಕರರಿಗೆ, ಹೌರಾ ನಿಲ್ದಾಣದಲ್ಲಿ ಕಾಲಿಡುವ ಮೊದಲೇ ಕಿವಿಗೆ ಬೀಳುವ ಹೆಸರು ಲೇಕ್ ಮಾರ್ಕೆಟ್. ಅಲ್ಲಿ ಮನೆ ಹಿಡಿಯಿರಿ, ಕಾಫಿಪುಡಿಗೂ ಕರಿಬೇವಿಗೂ ಪರದಾಡಬೇಕಿಲ್ಲ ಎಂದು ಕಚೇರಿಯ ಹಿರಿಯರು ಹೇಳಿ ಕಳುಹಿಸುತ್ತಾರೆ. ನಮಗೂ ಹಾಗೆಯೇ ಹೇಳಿದ್ದರು. ರಾಶ್‌ಬಿಹಾರಿ ಅವೆನ್ಯೂವಿನ ಎರಡೂ ಬದಿಗೆ ಹಬ್ಬಿರುವ ಈ ಬಡಾವಣೆಯನ್ನು ಬಂಗಾಳಿಗಳು ಬಹುಕಾಲದಿಂದ ಮದ್ರಾಸಿಗಳ ಪಾಡಾ ಎಂದೇ ತಿಳಿದಿದ್ದಾರೆ. ಪಾಡಾ ಎಂದರೆ ನಮ್ಮ ಕೇರಿ. ಮದ್ರಾಸಿ ಎಂದರೆ ವಿಂಧ್ಯದ ಕೆಳಗಿನ ಯಾರಾದರೂ ಸರಿ. ಆ ಒಂದು ಪದದೊಳಗೆ ತಂಜಾವೂರಿನವರು, ಪಾಲಕ್ಕಾಡಿನವರು, ನೆಲ್ಲೂರಿನವರು, ಉಡುಪಿಯವರು ಎಲ್ಲರೂ ಇಕ್ಕಟ್ಟಾಗಿ ಕುಳಿತಿದ್ದಾರೆ. ಕನ್ನಡಿಗರು ಅದರಲ್ಲಿ ಒಂದು ಮೂಲೆ.

ಈ ಬಡಾವಣೆ ಬಹಳ ಹಳೆಯದಲ್ಲ. 1912ರಲ್ಲಿ ಸ್ಥಾಪನೆಯಾದ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್, 1920ರ ದಶಕದಲ್ಲಿ ದಕ್ಷಿಣದ ಜೌಗುನೆಲವನ್ನು ವಶಪಡಿಸಿಕೊಂಡು, ಅಲ್ಲಿ ದೊಡ್ಡ ಕೆರೆಯೊಂದನ್ನು ತೋಡಿಸಿ, ಸುತ್ತ ರಸ್ತೆ, ನಿವೇಶನಗಳನ್ನು ಹಾಕಿತು. ಆ ಕೆರೆಯೇ ಢಾಕುರಿಯಾ ಲೇಕ್. 1958ರಿಂದ ಅದರ ಹೆಸರು ರವೀಂದ್ರ ಸರೋವರ. ಮಾರುಕಟ್ಟೆಗೆ ಲೇಕ್ ಎಂಬ ಹೆಸರು ಬಂದದ್ದು ಆ ನೀರಿನಿಂದ. ರಾಶ್‌ಬಿಹಾರಿ ಅವೆನ್ಯೂವಿನ ಮೂಲ ಹೆಸರು ಮೇನ್ ಸೂಯರ್ ರೋಡ್, ಅಂದರೆ ದೊಡ್ಡ ಚರಂಡಿಯ ರಸ್ತೆ. ವಕೀಲರೂ ದಾನಿಗಳೂ ಆಗಿದ್ದ ರಾಶ್‌ಬಿಹಾರಿ ಘೋಷರ ಹೆಸರು ಬಂದ ಮೇಲೆ ಚರಂಡಿ ಮರೆಯಾಯಿತು.

ದಕ್ಷಿಣದವರು ಇಲ್ಲಿಗೆ ಬಂದ ಬಗೆಯನ್ನು ಹೇಳುವುದು ಸುಲಭ. 1900ರ ಸುಮಾರಿಗೆ ಕರಾವಳಿಯ ರೈಲುಮಾರ್ಗ ಪೂರ್ಣಗೊಂಡು ಮದ್ರಾಸಿನಿಂದ ಹೌರಾಕ್ಕೆ ನೇರ ಸಂಪರ್ಕ ಬಂದಿತು. 1911ರಲ್ಲಿ ರಾಜಧಾನಿ ದೆಹಲಿಗೆ ಹೋಗುವುದೆಂದು ಘೋಷಣೆಯಾದರೂ ಕ್ಲೈವ್ ಸ್ಟ್ರೀಟಿನ ಕಂಪನಿಗಳು, ಗಾರ್ಡನ್ ರೀಚಿನಲ್ಲಿದ್ದ ಬಂಗಾಳ ನಾಗಪುರ ರೈಲ್ವೆಯ ಮುಖ್ಯ ಕಚೇರಿ, ಲೆಕ್ಕಪತ್ರದ ಇಲಾಖೆಗಳು ಇಲ್ಲಿಯೇ ಉಳಿದವು. ಅವುಗಳಿಗೆ ಇಂಗ್ಲಿಷ್ ಬಲ್ಲ ಗುಮಾಸ್ತರು, ಶೀಘ್ರಲಿಪಿಕಾರರು, ಬೆರಳಚ್ಚಿನವರು ಬೇಕಿದ್ದರು. 1907ರಲ್ಲಿ ಹದಿನೆಂಟರ ಹರೆಯದ ಸಿ.ವಿ. ರಾಮನ್ ಇಲ್ಲಿಗೆ ಬಂದದ್ದು ವಿಜ್ಞಾನಿಯಾಗಿ ಅಲ್ಲ, ಹಣಕಾಸು ಇಲಾಖೆಯ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ. ಕಚೇರಿಗೆ ಮೊದಲು ಮತ್ತು ಕಚೇರಿಯ ನಂತರ ಅವರು ಬೌಬಜಾರಿನ ಪ್ರಯೋಗಾಲಯದಲ್ಲಿ ಕುಳಿತರು. ನಾವು ಕಚೇರಿಗೆ ಮೊದಲು ತರಕಾರಿಗೂ ನಂತರ ಕಾಫಿಗೂ ನಿಲ್ಲುತ್ತೇವೆ. 1933ರಲ್ಲಿ ರಾಮನ್ ಬೆಂಗಳೂರಿಗೆ ಹೋದರು. ಅದಕ್ಕೆ ಮೊದಲೇ, 1921ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಿಂದ ರಾಧಾಕೃಷ್ಣನ್ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಬಂದಿದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಂಗಾಳದ ಬ್ರಜೇಂದ್ರನಾಥ ಸೀಲರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಅತ್ತ ಹೋದರು. ಎರಡು ಊರುಗಳ ನಡುವೆ ಇಷ್ಟು ಚೊಕ್ಕಟವಾದ ಪರಸ್ಪರ ವರ್ಗಾವಣೆ ನಮ್ಮ ಇಲಾಖೆಯ ಇತಿಹಾಸದಲ್ಲಿಯೂ ನಡೆದಿರಲಾರದು.

ಹೀಗೆ ಬಂದ ಸಂಸಾರಗಳಿಗೆ ಹೊಸ ಬಡಾವಣೆಯ ಬಾಡಿಗೆಮನೆಗಳು ಒದಗಿದವು. ಅವರ ಹಿಂದೆಯೇ ಮೆಸ್ಸುಗಳು ಬಂದವು. ಕೋಮಲ ವಿಲಾಸ್, ಪ್ರೇಮ ವಿಲಾಸ್, ರಾಮಕೃಷ್ಣ ಲಂಚ್ ಹೋಮ್, ಬನಾನಾ ಲೀಫ್ ಈ ಕೇರಿಯ ಪರಿಚಿತ ಹೆಸರುಗಳು. ರಾವ್ಸ್ ಉಡುಪಿ ಹೋಮ್ ಎಂಬ ಫಲಕ ಕಂಡಾಗ ಮಾತ್ರ ನಮ್ಮ ಎದೆ ಸ್ವಲ್ಪ ಹಿಗ್ಗುತ್ತದೆ. ಬಂಗಾಳಿ ಗಿರಾಕಿಗೆ ಉಡುಪಿಯೂ ಮದ್ರಾಸೇ ಎಂಬುದು ಬೇರೆಯ ಮಾತು. ಕೆಲವರು ನಮ್ಮವರೂ ಈ ಬಗ್ಗೆ ಮುನಿಸಿಕೊಳ್ಳುವುದುಂಟು. ಅದು ವ್ಯರ್ಥವೆಂದು ನಮ್ಮ ಅಭಿಪ್ರಾಯ. ಉಡುಪಿಯ ಹೋಟೆಲಿಗರು ದೇಶವನ್ನೆಲ್ಲ ಗೆದ್ದದ್ದು ದೋಸೆಯ ಬಲದಿಂದಲೇ ಹೊರತು ವಿಳಾಸದ ಬಲದಿಂದಲ್ಲ.

ಮಾರುಕಟ್ಟೆಯ ಪಾದಚಾರಿ ದಾರಿಯಲ್ಲಿ ಬಾಳೆಲೆ, ವೀಳ್ಯದೆಲೆ, ಕಟ್ಟಿದ ಮಲ್ಲಿಗೆ, ತುಳಸಿ ಸಿಗುತ್ತವೆ. ಹೂ ಮಾರುವವರು ಬಂಗಾಳಿಗಳು. ಮಾಲೆಯ ಅಳತೆ ನಮ್ಮದು. ಹೊಸದಾಗಿ ಬಂದವರಿಗೆ ಒಂದು ಸೂಚನೆ: ಬಾಳೆದಿಂಡಿಗೂ ಬಾಳೆಹೂವಿಗೂ ಇಲ್ಲಿ ಮದ್ರಾಸಿ ಅಂಗಡಿಯನ್ನು ಹುಡುಕಬೇಡಿ. ಥೋಡ್, ಮೋಚಾ ಎಂದರೆ ಯಾವ ತರಕಾರಿಯವನೂ ಕೊಡುತ್ತಾನೆ. ಬಂಗಾಳಿ ಅಡುಗೆಮನೆಗೆ ಅವೆರಡೂ ನಮಗಿಂತ ಹೆಚ್ಚು ಬಳಕೆ. ಮೋಚಾವನ್ನು ಹೆಚ್ಚಿಯೇ ಕೊಡುವವರೂ ಇದ್ದಾರೆ. ನಮ್ಮ ಮನೆಯ ಬಾಳೆಹೂವಿನ ಪಲ್ಯ ಊರಿಗಿಂತ ಇಲ್ಲಿಯೇ ಹೆಚ್ಚು ಸಲ ಆಗಿದೆ. ಜನಕ್ ರೋಡಿನ ರಾಧುಬಾಬುವಿನ ಚಹಾದಂಗಡಿಯ ಮುಂದೆ ಸಂಜೆ ನಿಂತರೆ ಈ ಕೇರಿ ಮದ್ರಾಸಿಗಳದ್ದಷ್ಟೇ ಅಲ್ಲವೆಂಬುದು ಗೊತ್ತಾಗುತ್ತದೆ. ಅಲ್ಲಿ ಸ್ಟೂ ಕುಡಿಯುವವರ ಗುಂಪಿನಲ್ಲಿ ಸಸ್ಯಾಹಾರಿಯ ಪಾಲಿಗೆ ಚಹಾ, ಟೋಸ್ಟು ಮತ್ತು ಬಿಟ್ಟಿ ರಾಜಕೀಯ.

ಸ್ವಲ್ಪ ದೂರದ ಅಶ್ವಿನಿ ದತ್ತ ರೋಡಿನಲ್ಲಿ ಶರಚ್ಚಂದ್ರ ಚಟ್ಟೋಪಾಧ್ಯಾಯರು 1930ರ ದಶಕದಲ್ಲಿ ಕಟ್ಟಿಸಿದ ಮನೆಯಿದೆ. ಕನ್ನಡ ಓದುಗರಿಗೆ ಬಂಗಾಳದ ಕಾದಂಬರಿ ಹೊಸತಲ್ಲ, ಬಿ. ವೆಂಕಟಾಚಾರ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂಕಿಮರನ್ನು ಕನ್ನಡಕ್ಕೆ ತಂದರು. ಶರಚ್ಚಂದ್ರರಂತೂ ಗ್ರಾಮ ಗ್ರಂಥಾಲಯಗಳ ಕಪಾಟಿನಲ್ಲಿ ನಮ್ಮವರೇ ಆಗಿ ಕುಳಿತಿದ್ದರು. 1938ರಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದು ಕೇವ್ಡಾತಲಾ ಸ್ಮಶಾನದಲ್ಲಿ.

ಕೇವ್ಡಾತಲಾದ ಹೆಸರನ್ನೆತ್ತಿದ ಮೇಲೆ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರಬಹುದು. ಲೇಕ್ ಮಾರ್ಕೆಟಿನಿಂದ ರಾಶ್‌ಬಿಹಾರಿ ಅವೆನ್ಯೂ ಹಿಡಿದು ಪಶ್ಚಿಮಕ್ಕೆ ಹೊರಟರೆ ಕಾಳಿಘಾಟ್ ಮೆಟ್ರೋ ಇರುವ ನಾಲ್ಕುರಸ್ತೆ ಬರುತ್ತದೆ. ಅದನ್ನೂ ದಾಟಿ ನಡೆದರೆ ರಸ್ತೆ ಆದಿಗಂಗೆಯ ದಡ ಮುಟ್ಟುತ್ತದೆ. ಗಂಗೆಯ ಹಳೆಯ ಪಾತ್ರವಾದ ಇದನ್ನು 1770ರ ದಶಕದಲ್ಲಿ ವಿಲಿಯಂ ಟಾಲಿ ಎಂಬ ಆಂಗ್ಲ ಅಧಿಕಾರಿ ತೋಡಿಸಿದ. ಟಾಲಿಗಂಜ್ ಎಂಬ ಹೆಸರು ಅವನದೇ. ಈಗ ಅದು ಕಪ್ಪುನೀರಿನ ಕಾಲುವೆ. ಆ ದಡದಲ್ಲಿಯೇ ಸ್ಮಶಾನ. 1925ರಲ್ಲಿ ದೇಶಬಂಧು ಚಿತ್ತರಂಜನ ದಾಸರ ಚಿತೆ ಉರಿದದ್ದು ಇಲ್ಲಿ. 1929ರಲ್ಲಿ ಲಾಹೋರಿನ ಸೆರೆಮನೆಯಲ್ಲಿ ಉಪವಾಸವಿದ್ದು ತೀರಿಕೊಂಡ ಜತೀನ್ ದಾಸರದ್ದೂ ಇಲ್ಲಿಯೇ. ಈ ಸ್ಮಾರಕಗಳ ನೆರೆಯಲ್ಲಿ, ಬಂಗಾಳದ ಬಾಗಿದ ಸೂರುಗಳ ನಡುವೆ, ದ್ರಾವಿಡ ಶೈಲಿಯ ಕಟ್ಟಡವೊಂದು ಕಾಣುತ್ತದೆ. ಅದು ಮೈಸೂರು ಉದ್ಯಾನ.

1894ರ ಡಿಸೆಂಬರ್ 28ರಂದು ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯ ಭೇಟಿಯಲ್ಲಿದ್ದಾಗ ಗಂಟಲಮಾರಿಯಿಂದ ತೀರಿಕೊಂಡರು. ವಯಸ್ಸು ಮೂವತ್ತೊಂದು. ಐವತ್ತು ವರ್ಷ ಬ್ರಿಟಿಷರ ಕೈಯಲ್ಲಿದ್ದ ರಾಜ್ಯವನ್ನು 1881ರಲ್ಲಿ ಮರಳಿ ಪಡೆದವರು, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಸೇರಿದ್ದು ಅವರ ಆಳ್ವಿಕೆಯಲ್ಲಿ. 1892ರಲ್ಲಿ ಮೈಸೂರಿಗೆ ಬಂದ ಕಲ್ಕತ್ತೆಯ ತರುಣ ಸಂನ್ಯಾಸಿ ವಿವೇಕಾನಂದರನ್ನು ಅರಮನೆಯಲ್ಲಿ ಇರಿಸಿಕೊಂಡು ಆದರಿಸಿದವರೂ ಅವರೇ. ವಿವೇಕಾನಂದರು 1894ರ ಜೂನಿನಲ್ಲಿ ಷಿಕಾಗೋದಿಂದ ಮಹಾರಾಜರಿಗೆ ದೀರ್ಘ ಪತ್ರ ಬರೆದರು. ಆರು ತಿಂಗಳಲ್ಲಿ ಆ ಮಹಾರಾಜರು ಪತ್ರ ಬರೆದವರ ಊರಿನಲ್ಲಿ ಕಣ್ಣುಮುಚ್ಚಿದರು. ಸ್ವಾಮಿಗಳು ಆಗ ಅಮೆರಿಕದಲ್ಲಿಯೇ ಇದ್ದರು. ದೇಹವನ್ನು ಮೈಸೂರಿಗೆ ಒಯ್ಯಲಿಲ್ಲ. ಆದಿಗಂಗೆಯ ದಡದಲ್ಲಿ ದಹನವಾಯಿತು, ಆ ನೆನಪಿಗೆ ಗುಡಿಯೂ ತೋಟವೂ ಎದ್ದವು. ಊರಿನಲ್ಲಿ ಹತ್ತು ವರ್ಷದ ಕೃಷ್ಣರಾಜರಿಗೆ ಪಟ್ಟವಾಗಿ, ತಾಯಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ಮೈಸೂರಿನ ಅರಮನೆಯ ಉತ್ತರದ ವೃತ್ತದಲ್ಲಿ ಚಾಮರಾಜರ ಅಮೃತಶಿಲೆಯ ಪ್ರತಿಮೆಯನ್ನು ದಿನವೂ ಸಾವಿರಾರು ಮಂದಿ ಸುತ್ತುತ್ತಾರೆ. ಅವರ ಚಿತೆ ಎಲ್ಲಿ ಉರಿಯಿತೆಂದು ಅವರಲ್ಲಿ ಎಷ್ಟು ಜನರಿಗೆ ಗೊತ್ತು? ಲೇಕ್ ಮಾರ್ಕೆಟಿನಲ್ಲಿ ಮನೆ ಮಾಡುವವರೆಗೆ ನಮ್ಮಲ್ಲಿಯೂ ಯಾರಿಗೂ ಗೊತ್ತಿರಲಿಲ್ಲ.

ಆದರೆ ಮೈಸೂರು ಈ ದಿಕ್ಕಿಗೆ ಬಂದದ್ದು ಇದೇ ಮೊದಲಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಂಗ್ಲಿಷರು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದಾಗ, ಈ ರಾಜಕುಮಾರರು ದಕ್ಷಿಣದಲ್ಲಿರುವುದೇ ಅಪಾಯವೆಂದು ಬಗೆದು ಅವರನ್ನು ಪರಿವಾರಸಮೇತ ಕಲ್ಕತ್ತೆಗೆ ಸಾಗಿಸಿದರು. ಇರಿಸಿದ್ದು ಟಾಲಿಗಂಜಿನ ಕಡೆ. ಆಗ ಅದು ಊರಾಚೆಯ ಕಾಡುಪೊದೆ, ಜೌಗು. ಲೇಕ್ ಮಾರ್ಕೆಟಿನ ದಕ್ಷಿಣಕ್ಕೆ, ಸರೋವರವನ್ನೂ ರೈಲುಹಳಿಯನ್ನೂ ದಾಟಿದರೆ ಸಿಗುವ ಪ್ರಿನ್ಸ್ ಅನ್ವರ್ ಷಾ ರೋಡ್, ಪ್ರಿನ್ಸ್ ಗುಲಾಂ ಮೊಹಮ್ಮದ್ ಷಾ ರೋಡ್‌ಗಳ ಪ್ರಿನ್ಸ್‌ಗಳು ಈ ಮನೆತನದವರು. ಇಂದು ಆ ರಸ್ತೆಗಳಲ್ಲಿ ಮಾಲ್‌ಗಳಿಗೆ ಹೋಗುವವರು ಯಾವ ರಾಜ್ಯದ ರಾಜಕುಮಾರರೆಂದು ಕೇಳುವುದಿಲ್ಲ.

ಟಿಪ್ಪುವಿನ ಕಿರಿಯ ಮಗ ಗುಲಾಂ ಮೊಹಮ್ಮದ್ 1842ರಲ್ಲಿ ನಗರದ ನಡುವೆ, ಧರ್ಮತಲಾದಲ್ಲಿ, ಇಂದಿಗೂ ಟಿಪ್ಪು ಸುಲ್ತಾನ್ ಮಸೀದಿಯೆಂದು ಹೆಸರಾಗಿರುವ ಕಟ್ಟಡವನ್ನು ಕಟ್ಟಿಸಿದರು. ಟಾಲಿಗಂಜಿನಲ್ಲಿಯೂ ಅವರ ಮಸೀದಿಯೊಂದಿದೆ. ಧರ್ಮತಲಾದ ಶಾಸನ ಕುತೂಹಲಕರ: ದೇವರಿಗೆ ಕೃತಜ್ಞತೆಯ ಜೊತೆಗೆ, ಕಂಪನಿಯ ನಿರ್ದೇಶಕರು 1840ರಲ್ಲಿ ತಮ್ಮ ವರ್ಷಾಶನದ ಬಾಕಿಯನ್ನು ಮಂಜೂರು ಮಾಡಿದ ನೆನಪಿಗೆ ಈ ಮಸೀದಿಯೆಂದು ಅಲ್ಲಿ ಬರೆಸಿದೆ. ಅರಿಯರ್ಸ್ ಬಂದುದಕ್ಕೆ ದೇವರ ಮನೆ ಕಟ್ಟಿಸಿದ ಉದಾಹರಣೆ ಬೇರೊಂದಿದೆಯೋ ಇಲ್ಲವೋ. ನಗು ಬರುತ್ತದೆ, ಬಂದ ಮೇಲೆ ನಿಲ್ಲುತ್ತದೆ. ತಂದೆಯ ರಾಜ್ಯವನ್ನು ತೆಗೆದುಕೊಂಡವರ ಕೈಯಿಂದ, ತಡವಾಗಿ ಬಂದ ಜೀವನಾಂಶಕ್ಕೆ ಮಗ ಕಲ್ಲಿನಲ್ಲಿ ರಸೀದಿ ಬರೆದುಕೊಟ್ಟಿದ್ದಾನೆ.

ಈ ಮನೆತನದ ಸಮಾಧಿಸ್ಥಾನ ಕಾಳಿಘಾಟ್ ಪ್ರದೇಶದ ಸತೀಶ್ ಮುಖರ್ಜಿ ರಸ್ತೆಯಲ್ಲಿದೆ. ಮೈಸೂರು ಉದ್ಯಾನದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. 1799ರ ಒಂದೇ ಮೇ ತಿಂಗಳು ಟಿಪ್ಪುವಿನ ಮಕ್ಕಳನ್ನು ಸೆರೆಯಾಳುಗಳನ್ನಾಗಿ ಮಾಡಿತು, ಅದರ ಬೆನ್ನಿಗೇ ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಸಿಂಹಾಸನಕ್ಕೇರಿಸಿತು. ಆ ಮುಮ್ಮಡಿಯವರ ದತ್ತುಪುತ್ರರೇ ಚಾಮರಾಜೇಂದ್ರರು. ಊರಿನಲ್ಲಿ ಈ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಜಗಳವಾಗುವ ದಿನಗಳಿವು. ಇಲ್ಲಿ ಎರಡೂ ಮನೆಗಳವರು ಒಂದೇ ಕೊಳಕು ಕಾಲುವೆಯ ಆಸುಪಾಸಿನಲ್ಲಿ ಮಣ್ಣಾಗಿ, ಬೂದಿಯಾಗಿ ಉಳಿದಿದ್ದಾರೆ. ಟಿಪ್ಪುವಿನ ವಂಶಜರು ಮನೆಯಲ್ಲಿ ಕನ್ನಡ ಆಡಿದವರಲ್ಲ, ಅವರನ್ನು ಕನ್ನಡಿಗರೆನ್ನಬಹುದೇ ಎಂದು ಸ್ನೇಹಿತರೊಬ್ಬರು ಕೇಳಿದರು. ಭಾಷೆಯ ಪ್ರಶ್ನೆ ಹಾಗಿರಲಿ. ಊರನ್ನು ಬಿಡಿಸಿದಾಗ ಅವರು ಬಿಟ್ಟದ್ದು ಕಾವೇರಿಯ ದಡವನ್ನು. ನಮ್ಮ ಲೆಕ್ಕಕ್ಕೆ ಅಷ್ಟು ಸಾಕು.

ಲೇಕ್ ಮಾರ್ಕೆಟಿನ ಹಳೆಯ ಸಂಸಾರಗಳು ಈಗ ತೆಳುವಾಗುತ್ತಿವೆ. ನಿವೃತ್ತರ ಮಕ್ಕಳು ಬೆಂಗಳೂರಿಗೋ ಚೆನ್ನೈಗೋ ಹೋಗಿದ್ದಾರೆ, ಮಾರುಕಟ್ಟೆಯ ಹಳೆಯ ಕಟ್ಟಡದ ಜಾಗದಲ್ಲಿ ಮಾಲ್ ನಿಂತಿದೆ. ಇನ್ನೊಂದು ತಲೆಮಾರಿಗೆ ಮದ್ರಾಸಿ ಪಾಡಾ ಎಂಬ ಮಾತು ಹೋಟೆಲುಗಳ ಮೇಲಷ್ಟೇ ಉಳಿಯಬಹುದು. ನಮ್ಮ ವರ್ಗಾವಣೆಯ ಆದೇಶವೂ ಎಂದಾದರೊಂದು ದಿನ ಬರುತ್ತದೆ. ಅಷ್ಟರೊಳಗೆ ಊರಿನಿಂದ ಬಂದ ನೆಂಟರನ್ನು ವಿಕ್ಟೋರಿಯಾ ಮೆಮೋರಿಯಲ್ಲಿಗೂ ದಕ್ಷಿಣೇಶ್ವರಕ್ಕೂ ಕರೆದೊಯ್ಯುವಂತೆ ಇಲ್ಲಿಗೂ ಕರೆದೊಯ್ಯುವ ರೂಢಿ ಮಾಡಿಕೊಂಡಿದ್ದೇವೆ.

ಕೋಲ್ಕತ್ತಕ್ಕೆ ಬರುವ ಓದುಗರು ಕಾಳಿಘಾಟ್ ಮೆಟ್ರೋದಲ್ಲಿ ಇಳಿಯಲಿ. ಪೂರ್ವಕ್ಕೆ ನಡೆದರೆ ಲೇಕ್ ಮಾರ್ಕೆಟ್, ಅಲ್ಲಿ ತಿಂಡಿ ಕಾಫಿ ಮುಗಿಸಿ, ಹೂವಿನವರ ಬಳಿ ಒಂದು ಮೊಳ ಮಲ್ಲಿಗೆ ಕಟ್ಟಿಸಿಕೊಂಡು, ಬಂದ ದಾರಿಯಲ್ಲಿ ಪಶ್ಚಿಮಕ್ಕೆ ಹೊರಳಿ. ಸ್ಮಶಾನದ ಬಳಿ ಯಾರನ್ನಾದರೂ 'ಮೈಸೂರ್ ಗಾರ್ಡನ್' ಎಂದು ಕೇಳಿದರೆ ಕೈತೋರಿಸುತ್ತಾರೆ.