‘ಜೈನ ಯುಗ’ವೆಂಬ ಹೆಸರು

ಕನ್ನಡ ಸಾಹಿತ್ಯ ಚರಿತ್ರೆಯನ್ನು ಮೊದಮೊದಲು ಬರೆದ ವಿದ್ವಾಂಸರು ಶತಮಾನಗಳನ್ನು ಜೈನ ಯುಗ, ವೀರಶೈವ ಯುಗ, ಬ್ರಾಹ್ಮಣ ಯುಗ ಎಂದು ವಿಂಗಡಿಸಿದರು. ಈ ಹೆಸರುಗಳು ನಿರಾಧಾರವಲ್ಲ. ನಮ್ಮ ಸೀಮೆಯನ್ನೇ ನೋಡಬಹುದು. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಎಡೆಯೂರು ಕುಣಿಗಲ್ ತಾಲ್ಲೂಕಿನದು, ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದನು, ‘ಶೂನ್ಯಸಂಪಾದನೆ’ಯನ್ನು ಪರಿಷ್ಕರಿಸಿದ ಸಿದ್ಧವೀರಣ್ಣೊಡೆಯನು ತುಮಕೂರಿನ ನೆರೆಯ ಗೂಳೂರಿನವನು. ಇವೆಲ್ಲವನ್ನೂ ಒಂದೇ ಹೆಸರಿನಡಿ ನೆನಪಿಡುವುದು ವಿದ್ಯಾರ್ಥಿಗೆ ಅನುಕೂಲವೇ ಸರಿ.

ತೊಡಕು ಇರುವುದು ಗಡಿಯಲ್ಲಿ. ಹನ್ನೆರಡನೆಯ ಶತಮಾನದ ನಡುವೆ ಜೈನ ಯುಗ ಮುಗಿಯಿತೆಂದು ಹೇಳುವುದು ರೂಢಿ. ಆದರೆ ಜನ್ನನ ‘ಯಶೋಧರ ಚರಿತೆ’ 1209ರದು, ‘ಅನಂತನಾಥ ಪುರಾಣ’ 1230ರದು. ಮೂಡಬಿದಿರೆಯ ರತ್ನಾಕರವರ್ಣಿಯು ‘ಭರತೇಶ ವೈಭವ’ವನ್ನು ಬರೆದದ್ದು 1557ರ ಸುಮಾರಿನಲ್ಲಿ, ಮಲ್ಲಣಾರ್ಯನ ಪುರಾಣಕ್ಕೂ ಅದಕ್ಕೂ ಒಂದು ತಲೆಮಾರಿನ ಅಂತರ ಮಾತ್ರ. ರಂ. ಶ್ರೀ. ಮುಗಳಿಯವರು 1953ರಲ್ಲಿ ಮತದ ಹೆಸರನ್ನು ಬಿಟ್ಟು ಪಂಪ ಯುಗ, ಬಸವ ಯುಗ, ಕುಮಾರವ್ಯಾಸ ಯುಗ ಎಂದು ಕರೆದರು. ಇದು ಹೆಚ್ಚು ಉಚಿತವಾದ ಕ್ರಮ; ಆದರೂ ಗಡಿಯ ತೊಡಕು ಉಳಿದೇ ಇದೆ.

ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಯುಗದ ಹೆಸರು ಒಂದು ನಯ. ಉಳಿದ ನಯಗಳನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆ. ‘ನಮ್ಮ ಯುಗ ಎಂದೋ ಮುಗಿಯಿತಂತೆ’ ಎಂದು ಪಾಠ ಕಲಿತು ಬಂದ ಮಕ್ಕಳನ್ನು ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹೊಯ್ಸಳರ ಕಾಲದ ಬಸದಿಗೆ ಕರೆದೊಯ್ಯಬೇಕು; ಅಲ್ಲಿಂದ ತುಮಕೂರಿನ ಬಳಿಯ ಮಂದರಗಿರಿಗೆ. ಅಲ್ಲಿ ಬೆಟ್ಟದ ಮೇಲೆ ಹಳೆಯ ಬಸದಿಗಳಿವೆ, ಬುಡದಲ್ಲಿ ಪಿಂಛಿಯ ಆಕಾರದ ಹೊಸ ಗುರುಮಂದಿರವಿದೆ.